ಗಂಡ ಸತ್ತಾಗ ಅಳದಾಕಿ, ಎಮ್ಮಿ ಸತ್ತಾಗ ಎದಿ ಹಿಡ್ಕೊಂಡ್ಲು

2019ರ ಆಗಸ್ಟ್ ನೆನಪೈತಲ್ರಿ, ನವಿಲುತೀರ್ಥ ಡ್ಯಾಮಿನಿಂದ ನೀರು ಬಿಟ್ಟು ಮಲಪ್ರಭಾ ದಂಡಿ ಊರು ಮುಳುಗಿದ್ವು. ಆವಾಗ ಬಾಗಲಕೋಟ್ಯಾಗ ನನ್ನ ಹತ್ರ ಬಾದಾಮಿ ಕಡಿಂದ ಒಬ್ಬ ಅಜ್ಜಿನ್ನ ಕರಕೊಂಡ್ ಬಂದ್ರು, ಅರವತ್ತು ದಾಟಿದಾಕಿ (ಗುರುತು ಸಿಗಬಾರದಂತ ಒಂದೆರಡು ವಿವರ ಬದಲಿಸೀನಿ). ಎದಿ ನೋವು, ದಮ್ಮು, ಮೈಯೆಲ್ಲಾ ಬೆವರು. ಇಸಿಜಿ ಕೆಟ್ಟಿತ್ತು, ಹೃದಯದ ಸ್ನಾಯುಕ್ಕ ಪೆಟ್ಟಾದ್ರ ರಕ್ತದಾಗ ಹೆಚ್ಚಾಗೋ ಟ್ರೋಪೋನಿನ್ ಏರಿತ್ತು. ಹಾರ್ಟ್ ಅಟ್ಯಾಕ್ ಅಂತನ ತಿಳಕೊಂಡು ಆಂಜಿಯೋಗ್ರಾಮ್ ಮಾಡಿದ್ರ ರಕ್ತನಾಳದಾಗ ಒಂದು ಬ್ಲಾಕೂ ಇಲ್ಲ.

ಎಕೋ, ಅಂದ್ರ ಹೃದಯದ ಸ್ಕ್ಯಾನ್, ಹಚ್ಚಿದಾಗ ತಿಳೀತು. ಹೃದಯದ ಮ್ಯಾಲಿನ ಭಾಗ ಜೋರಾಗಿ ಹಿಂಡತಿತ್ತು, ಕೆಳಗಿನ ತುದಿ ಮಾತ್ರ ಅಲುಗದ ಉಬ್ಬಿ ನಿಂತಿತ್ತು, ಕುತ್ತಿಗಿ ಸಣ್ಣದಿದ್ದು ಹೊಟ್ಟಿ ದಪ್ಪ ಇರೋ ಗಡಿಗಿ ಇರತೈತಲ್ಲ, ಥೇಟ್ ಹಂಗ. ಇದಕ್ಕ ಟಾಕೋತ್ಸುಬೊ ಅಂತಾರ, 1990ರಾಗ ಜಪಾನಿನ ಡಾಕ್ಟರುಗಳು ಇಟ್ಟ ಹೆಸರು, ಅಲ್ಲಿ ಆಕ್ಟೋಪಸ್ ಹಿಡಿಯೋ ಗಡಿಗಿ ಇದೇ ಆಕಾರದ್ದಂತ. ದುಃಖನೋ ಗಾಬರಿನೋ ಒಮ್ಮೆಲೆ ಬಡಿದಾಗ ಅಡ್ರಿನಲಿನ್ ಅನ್ನೋ ಗಾಬರಿ ಹಾರ್ಮೋನ್ ಪ್ರವಾಹ ಬಂದಂಗ ನುಗ್ಗಿ ಹೃದಯದ ಸ್ನಾಯು ಮಂಕು ಬಡದಂಗ ಆಗತೈತಿ. ಹತ್ತರಾಗ ಒಂಬತ್ತು ಮಂದಿ ಹೆಣ್ಮಕ್ಕಳು, ಅದ್ರಾಗೂ ಮುಟ್ಟು ನಿಂತ ಮ್ಯಾಲಿನವ್ರು.

ಮಗನ್ನ ಹೊರಗ ಕರದು ಏನಾತಪಾ ಅಂತ ಕೇಳಿದೆ. ಹೇಳಾಕ ನಾಚಿಕೊಂಡ. ‘ಎಮ್ಮಿ ಹೋತ್ರಿ ಸರ, ಅಷ್ಟ.’ ಗಂಜಿ ಕೇಂದ್ರದಾಗ ಈಕಿನ ಮುಂದ ನಿಂತು ಎಲ್ಲಾರಿಗೂ ರೊಟ್ಟಿ ಬಡದು ಹಾಕಿದಾಕಿ, ಮನಿ ಬಿದ್ದದ್ದು ಕೇಳಿ ‘ಬೀಳ್ಲಿ ಬಿಡ, ನಾವದೀವಲ್ಲ’ ಅಂದಾಕಿ. ಮೂರನೇ ದಿನ ನೀರು ಇಳದ ಮ್ಯಾಲ ಎಮ್ಮಿ ಹೆಣ ಜಾಲಿ ಕಂಟ್ಯಾಗ ಸಿಕ್ಕೊಂಡೈತಿ ಅಂತ ಸುದ್ದಿ ಬಂತು, ಅರ್ಧ ತಾಸಿನಾಗ ಎದಿ ಹಿಡ್ಕೊಂಡು ಕುಂತ್ಲು. ‘ಅಪ್ಪ ಸತ್ತಾಗ ಹನಿ ಕಣ್ಣೀರ್ ಹಾಕಿಲ್ರಿ’ ಅಂದ ಮಗ, ಅವ್ವನ ಮ್ಯಾಲ ದೂರು ಹೇಳಿದಂಗಿತ್ತು.

ನಾನೂ ಒಂದು ಮೂರ್ಖತನ ಮಾಡಿದೆ. ಸಮಾಧಾನ ಹೇಳಬೇಕಂತ ‘ಹೈನದ ಎಮ್ಮಿಗೆ ಸರ್ಕಾರ 30,000 ಕೊಡತೈತಿ ಬಿಡ್ರವ್ವ’ ಅಂದೆ. ಆಕಿ ಗ್ವಾಡಿ ಕಡೆ ಹೊಳ್ಳಿ ಮಲಗಿದ್ಲು, ಅವತ್ತು ನನ್ನ ಜೋಡಿ ಮಾತೇ ಆಡ್ಲಿಲ್ಲ. ಮರುದಿನ ನರ್ಸ್ ಮುಂದ ಹೇಳ್ಯಾಳ: ನೀರು ಬಂದಾಗ ಕಣ್ಣಿ ಬಿಚ್ಚಾಕ ಹೋಗಿದ್ಲಂತ, ಹಗ್ಗ ತೊಯ್ದು ಗಂಟು ಬಿಗದು ಬಿಚ್ಚಲಿಲ್ಲಂತ, ಮಗ ರಟ್ಟಿ ಹಿಡದು ಎಳಕೊಂಡು ಬಂದನಂತ. ಬಲಗೈ ಉಗುರು ಎರಡು ಕಿತ್ತಿದ್ವು. ನಾವು ಆ ಕೈಗೇ ಪಲ್ಸ್ ಆಕ್ಸಿಮೀಟರ್ ಹಚ್ಚಿದ್ವಿ, ಯಾಕ ಹಿಂಗಾಗೈತಿ ಅಂತ ಯಾರೂ ಕೇಳಿರಲಿಲ್ಲ.

ನಮ್ಮ ಕಡೆ ಕಷ್ಟದಾಗ ಅಳದವರನ್ನ ‘ಗಟ್ಟಿ ಎದಿ’ ಅಂತೀವಿ, ಸಣ್ಣದಕ್ಕ ಅತ್ತವರನ್ನ ನಗತೀವಿ. ಓಪಿಡಿಯೊಳಗ ಕುಂತು ನೋಡಿದ್ರ ಈ ಲೆಕ್ಕ ನನಗ ಹತ್ತೂದಿಲ್ಲ. ಯಾರಿಗೆ ಯಾವುದು ದೊಡ್ಡದು ಅನ್ನೋದನ್ನ ಮಂದಿ ತೂಕ ಮಾಡಿ ಹೇಳಾಕಾಗೂದಿಲ್ಲ, ಗಂಡನ ಜೋಡಿ ಮೂವತ್ತು ವರ್ಷ ಆಕಿ ಹೆಂಗ ಬಾಳ್ವಿ ಮಾಡಿದ್ಲು ಅಂತ ನನಗೇನ್ ಗೊತ್ತು, ಎಮ್ಮಿ ಜೋಡಿ ಮಾತ್ರ ದಿನಾ ಮಾತಾಡತಿದ್ಲಂತ. ಅಂದಂಗ ಖುಷಿಯಿಂದನೂ ಈ ಗಡಿಗಿ ಆಗತೈತ್ರಿ, ಮದುವಿ, ಮೊಮ್ಮಗ ಹುಟ್ಟಿದ್ದು ಇಂಥಾದ್ರಾಗೂ ಆದ ಕೇಸು ದಾಖಲಾಗ್ಯಾವು, ಕಡಿಮಿ ಅಷ್ಟ.

ಒಂದು ಮಾತು ಮಾತ್ರ ಜೋರಾಗಿ ಹೇಳತೀನಿ. ಅಟ್ಯಾಕೋ ದುಃಖನೋ ಅಂತ ಮನ್ಯಾಗ ಕುಂತು ಯಾರಿಗೂ ತಿಳಿಯೂದಿಲ್ಲ, ಆಸ್ಪತ್ರ್ಯಾಗ ನಮಗೂ ಮೊದಲಿಗೆ ತಿಳಿಯೂದಿಲ್ಲ. ಹೆಣ್ಮಕ್ಕಳಿಗೆ ಎದಿ ನೋವು ಅಷ್ಟಕ್ಕಷ್ಟ ಇದ್ದು ಬರೇ ದಮ್ಮು, ಬೆನ್ನು-ದವಡಿ ನೋವು, ಸುಸ್ತು ಇರಬಹುದು. ‘ಗ್ಯಾಸ್ ಆಗೈತಿ, ಸೋಡಾ ಕುಡಿ’ ಅಂತ ತಾಸುಗಟ್ಟಲೆ ಕುಂದರಬ್ಯಾಡ್ರಿ, ತಾಲೂಕು ಆಸ್ಪತ್ರಿಗೆ ಹೋಗಿ ಮೊದಲ ಇಸಿಜಿ ತೆಗಸ್ರಿ. ಟಾಕೋತ್ಸುಬೊ ಬಹಳ ಮಂದಿಗೆ ಕೆಲವೇ ವಾರದಾಗ ಆರಾಮಾಗತೈತಿ ಖರೆ, ಆದ್ರ ಮೊದಲ ದಿನಗಳು ಅಪಾಯದವು, ಜೀವ ಹೋದವರೂ ಅದಾರ.

ಆರು ವಾರದ ಮ್ಯಾಲ ಅಜ್ಜಿ ಮತ್ತ ಬಂದ್ಲು. ಎಕೋ ಪೂರ್ತಿ ನಾರ್ಮಲ್, ಗಡಿಗಿ ಹೋಗಿ ಹೃದಯ ಹೃದಯದಂಗ ಆಗಿತ್ತು. ಮಗ ಪರಿಹಾರದ ರೊಕ್ಕಕ್ಕ ಇನ್ನಷ್ಟು ಸೇರಿಸಿ ಬ್ಯಾರೆ ಎಮ್ಮಿ ತಂದಿದ್ದ. ಹೆಂಗೈತ್ರವ್ವ ಹೊಸಾ ಎಮ್ಮಿ ಅಂದೆ.

‘ಹಾಲೇನೋ ಕೊಡತೈತ್ರಿ’ ಅಂದ್ಲು. ‘ಹೆಸರಿಟ್ಟಿಲ್ಲ ಇನ್ನೂ.’