ಸಾಬೀತು ಮಾಡೋ ಹೊರೆ ಯಾರದ್ದು?

1980ರಲ್ಲಿ ನ್ಯೂಯಾರ್ಕಿನ ಮಹಿಳೆಯೊಬ್ಬರ ಸಿಟಿಬ್ಯಾಂಕ್ ಖಾತೆಯಿಂದ ಎಟಿಎಂ ಮೂಲಕ 800 ಡಾಲರ್ ಹೋಯಿತು. ತಾವು ತೆಗೆದಿಲ್ಲ, ಪಿನ್ ಯಾರಿಗೂ ಹೇಳಿಲ್ಲ ಅಂತ ಅವರು ಕೋರ್ಟಿಗೆ ಹೋದರು. ಆ ಹೊತ್ತಿನಲ್ಲಿ ಕೆಲಸದ ಮೇಲಿದ್ದರು ಎನ್ನುವುದಕ್ಕೆ ಕೆಲಸಕ್ಕಿದ್ದ ಕಡೆಯಿಂದ ಒಂದು ಪತ್ರ ತಂದಿದ್ದರು. ಬ್ಯಾಂಕ್ ತಂದಿದ್ದು ಕಂಪ್ಯೂಟರಿನ ಪ್ರಿಂಟ್‌ಔಟ್. ಅದರ ಪ್ರಕಾರ ಕಾರ್ಡೂ ಅವರದ್ದೇ, ಪಿನ್ನೂ ಅವರದ್ದೇ. ನ್ಯಾಯಾಧೀಶರು ನಂಬಿದ್ದು ಮಹಿಳೆಯನ್ನು.

ದೊಡ್ಡ ಬ್ಯಾಂಕುಗಳ ಜೊತೆ ಗ್ರಾಹಕರ ಜಗಳ ಸುತ್ತಿ ಬಳಸಿ ಬಂದು ನಿಲ್ಲುವುದು ಇಲ್ಲೇ. ಸಾಬೀತು ಮಾಡಬೇಕಾದವರು ಯಾರು? ಲೆಕ್ಕ ಬ್ಯಾಂಕಿನ ಹತ್ತಿರ, ಕ್ಯಾಮೆರಾ ಬ್ಯಾಂಕಿನ ಹತ್ತಿರ, ಯಂತ್ರದ ದಾಖಲೆಯೂ ಅವರ ಹತ್ತಿರವೇ. ಗ್ರಾಹಕರಿಗೆ ಇರೋದು ಬರೀ ಬಾಯಿಮಾತು. ಹಾಗಿರುವಾಗ ನೀವೇ ತೋರಿಸಿ ಅನ್ನೋದು ಅನ್ಯಾಯ ಅಲ್ವಾ?

ಅಮೆರಿಕ 1978ರಲ್ಲೇ ಕಾನೂನು ಮಾಡಿ ಈ ಹೊರೆಯನ್ನು ಬ್ಯಾಂಕಿನ ಮೇಲೆ ಹಾಕಿತು. ಬ್ರಿಟನ್ನಿನಲ್ಲಿ ಜಾಸ್ತಿ ಕಾಲ ಹಿಡಿಯಿತು. ಎಟಿಎಂನಿಂದ ದುಡ್ಡು ತಾನಾಗಿ ಹೋಯಿತು ಎಂದವರಿಗೆ ಅಲ್ಲಿನ ಬ್ಯಾಂಕುಗಳು ಯಂತ್ರ ತಪ್ಪು ಮಾಡೋದಿಲ್ಲ ಎಂದೇ ವಾದಿಸುತ್ತಿದ್ದವು. 1989ರಲ್ಲಿ ಬ್ಯಾಂಕಿಂಗ್ ಕಾನೂನನ್ನು ಪರಿಶೀಲಿಸಿದ ಪ್ರೊ. ರಾಬರ್ಟ್ ಜ್ಯಾಕ್ ಸಮಿತಿಯ ವರದಿ ಬಂತು. 1992ರಲ್ಲಿ ಬ್ಯಾಂಕುಗಳ ನೀತಿಸಂಹಿತೆ ಬಂದಮೇಲೆ, ಮೋಸ ಅಥವಾ ತೀರಾ ಅಜಾಗರೂಕತೆ ಇಲ್ಲದಿದ್ದರೆ ಕಾರ್ಡ್ ಕಳೆದುಕೊಂಡವರ ನಷ್ಟ 50 ಪೌಂಡಿಗೆ ನಿಂತಿತು. ಭಾರತದಲ್ಲಿ ರಿಸರ್ವ್ ಬ್ಯಾಂಕ್ ಇದನ್ನು ಸ್ಪಷ್ಟವಾಗಿ ಬರೆದಿದ್ದು 2017ರ ಜುಲೈನಲ್ಲಿ. ಗ್ರಾಹಕರ ತಪ್ಪಿದೆ ಎಂದರೆ ಬ್ಯಾಂಕೇ ತೋರಿಸಬೇಕು. ತಪ್ಪು ಬ್ಯಾಂಕಿನದ್ದೂ ಗ್ರಾಹಕರದ್ದೂ ಅಲ್ಲದೆ ಮೂರನೆಯವರದ್ದಾಗಿ, ಮೂರು ಕೆಲಸದ ದಿನಗಳೊಳಗೆ ತಿಳಿಸಿದ್ದರೆ ಗ್ರಾಹಕರಿಗೆ ನಷ್ಟವಿಲ್ಲ.

ಬ್ಯಾಂಕ್ ಒಪ್ಪದಿದ್ದರೆ? ಅಲ್ಲಿ ಬರುವವರು ಒಂಬುಡ್ಸ್‌ಮನ್, ಅಂದರೆ ದೂರು ಕೇಳಿ ತೀರ್ಮಾನ ಹೇಳುವವರು. ಪದ ಸ್ವೀಡನ್ನಿನದು. 1809ರಲ್ಲಿ ಸರ್ಕಾರಿ ಅಧಿಕಾರಿಗಳ ಮೇಲೆ ಕಣ್ಣಿಡಲು ಅಲ್ಲಿ ಈ ಹುದ್ದೆ ಹುಟ್ಟಿತು. ಬ್ರಿಟನ್ನಿನ ಬ್ಯಾಂಕುಗಳು 1986ರಲ್ಲಿ ತಾವೇ ದುಡ್ಡು ಹಾಕಿ ಇಂಥದ್ದೊಂದನ್ನು ಶುರು ಮಾಡಿದವು. ಕಾನೂನಿನ ಬಲ ಇರುವ ಕಚೇರಿ ಬಂದಿದ್ದು 2001ರಲ್ಲಿ. ಭಾರತದ ಯೋಜನೆ 1995ರದು. 2021ರಲ್ಲಿ ಬೇರೆ ಬೇರೆ ಯೋಜನೆಗಳು ಒಂದಾದವು.

ಎರಡೂ ಕಡೆ ಮೊದಲು ಬ್ಯಾಂಕಿಗೇ ದೂರು ಕೊಡಬೇಕು. ಉತ್ತರ ಕೊಡಲು ಬ್ಯಾಂಕಿಗೆ ಭಾರತದಲ್ಲಿ 30 ದಿನ, ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ 8 ವಾರ. ಜನ ಎಡವೋದು ಇಲ್ಲೇ. ಕೌಂಟರಿನಲ್ಲಿ ಬಾಯಿಮಾತಿನಲ್ಲಿ ಹೇಳಿ ಬಂದ ದೂರಿಗೆ ತಾರೀಖೇ ಇರುವುದಿಲ್ಲ. ಹತ್ತು ಸಲ ಫೋನ್ ಮಾಡಿ ಗಂಟಲು ಒಣಗಿದರೂ ದಿನದ ಎಣಿಕೆ ಶುರುವಾಗಿದೆ ಅಂತ ತೋರಿಸಲು ಏನೂ ಇರುವುದಿಲ್ಲ. ಒಂದು ಮೇಲ್ ಅಥವಾ ಪತ್ರ, ಒಂದು ದೂರಿನ ಸಂಖ್ಯೆ, ಅಷ್ಟಿದ್ದರೆ ಸಾಕು.

ನಿಮ್ಮ ದೂರನ್ನು ಒಪ್ಪಲಾಗದು ಎಂದು ಬ್ಯಾಂಕಿನಿಂದ ಬರುವ ಉತ್ತರ ನೋಡಿ ಎಷ್ಟೋ ಜನ ಸುಮ್ನೆ ಕೈಬಿಡುತ್ತಾರೆ. ದಯವಿಟ್ಟು ಅದನ್ನು ಹರಿದು ಹಾಕಬೇಡಿ. ಒಂಬುಡ್ಸ್‌ಮನ್‌ಗೆ ಕೊಡುವ ಅರ್ಜಿಯ ಜೊತೆ ಲಗತ್ತಿಸಬೇಕಾದ ಕಾಗದ ಅದೇ.