ಗೋಡೆ ಬರಹ ಅಳಿಸಿದರೂ ಹೋಗದ ಭಯ

ಸಾಗರದ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುವ ಹುಡುಗ. ವಯಸ್ಸು 25. ಮಾಲೀಕರು ಬರುವ ಮೊದಲೇ ಬಾಗಿಲು ತೆಗೆದು, ಅಡಿಕೆ ಚೀಲ ತೂಗುವ ಯಂತ್ರದ ಮೇಲೆ ದಿನಾ ತಾನೇ ಹತ್ತಿ ನಿಲ್ಲುತ್ತಿದ್ದ. ಒಂದು ದಿನ 58 ಕಿಲೋ. ಮರುದಿನ 57 ಕಿಲೋ 600 ಗ್ರಾಂ. ಆ 400 ಗ್ರಾಂ ಅವನ ರಾತ್ರಿಯ ನಿದ್ದೆ ಕೆಡಿಸಿತು. ತನಗೆ ಎಚ್‌ಐವಿ ತಗುಲಿದೆ ಎಂಬ ಭಯ.

ಬೆಂಗಳೂರಿಗೆ ಹೋಗಿದ್ದಾಗ ಅಷ್ಟೇನೂ ಪರಿಚಯವಿಲ್ಲದ ಒಬ್ಬಳ ಜೊತೆ ಒಂದು ರಾತ್ರಿ ಕಳೆದಿದ್ದ. ಕಾಂಡೋಮ್ ಹಾಕಿದ್ದ. ಅದು ಹರಿದಿರಲೂ ಇಲ್ಲ. "ಆದ್ರೂ ಅಣ್ಣ, ಕಣ್ಣಿಗೆ ಕಾಣದ ತೂತು ಇದ್ದಿದ್ರೆ?" ಎಂದು ನನ್ನ ಹತ್ತಿರ ಕೇಳಿದ. ಒಂದೇ ಸಲ ಅಲ್ಲ, ಹತ್ತು ಸಲ.

ಮೂರನೇ ವಾರಕ್ಕೆ ಜ್ವರ ಬಂತು. ಅದು ಫೆಬ್ರುವರಿ ತಿಂಗಳು. ಮಲೆನಾಡಿನಲ್ಲಿ ಆ ಹೊತ್ತಿಗೆ ಜ್ವರ ಬಂದರೆ ಮನೆಯವರಿಗೆ ಮೊದಲು ನೆನಪಾಗುವುದು ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗೊತ್ತಾದ, ಉಣುಗು ಅಂದರೆ ಉಣ್ಣೆ ಹುಳ ಕಚ್ಚಿ ಬರುವ ಕಾಯಿಲೆ ಅದು, ಇಂದಿಗೂ ಬಿಟ್ಟು ಹೋಗಿಲ್ಲ. "ಕಾಡಿಗೆ ದರಕು ತರೋಕೆ ಹೋಗಿದ್ಯಾ? ಉಣುಗು ಕಚ್ಚಿತ್ತಾ?" ಎಂದು ತಾಯಿ ಮೈಯೆಲ್ಲ ನೋಡಿದರು. ಆಸ್ಪತ್ರೆಯಲ್ಲಿ ರಕ್ತ ತೆಗೆದರು. ಮಂಗನ ಕಾಯಿಲೆ ಅಲ್ಲ ಎಂದು ಬಂತು. ತಾಯಿ ದೇವರಿಗೆ ದೀಪ ಹಚ್ಚಿದರು. ಮಗನಿಗೆ ಮಾತ್ರ ಎದೆ ಇನ್ನೂ ಜಾಸ್ತಿ ಹೊಡೆದುಕೊಂಡಿತು. ಅದೇ ರಕ್ತದಲ್ಲಿ ಎಚ್‌ಐವಿಯನ್ನೂ ನೋಡಿ ಎಂದು ಕೇಳಬೇಕೆಂದಿದ್ದನಂತೆ. ತಾಯಿ ಪಕ್ಕದಲ್ಲೇ ನಿಂತಿದ್ದರು. ಬಾಯಿ ಬರಲಿಲ್ಲ.

ಈ ಭಯ ಅವನ ವಯಸ್ಸಿಗಿಂತ ದೊಡ್ಡದು.

1981ರಲ್ಲಿ ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಐವರು ಯುವಕರಿಗೆ ಬಂದ ವಿಚಿತ್ರ ನ್ಯುಮೋನಿಯಾದ ವರದಿಯಿಂದ ಏಡ್ಸ್ ಜಗತ್ತಿಗೆ ಗೊತ್ತಾಯಿತು. 1983ರಲ್ಲಿ ಪ್ಯಾರಿಸ್‌ನಲ್ಲಿ ಅದಕ್ಕೆ ಕಾರಣವಾದ ಎಚ್‌ಐವಿ ವೈರಸ್ ಸಿಕ್ಕಿತು, 1985ಕ್ಕೆ ರಕ್ತ ಪರೀಕ್ಷೆ ಬಂತು. ನಮ್ಮ ದೇಶದಲ್ಲಿ ಇದು ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈನಲ್ಲಿ. ಡಾ. ಸುನೀತಿ ಸಾಲೊಮನ್ ಮಾರ್ಗದರ್ಶನದಲ್ಲಿ ಓದುತ್ತಿದ್ದ ನಿರ್ಮಲಾ ಎಂಬ ವಿದ್ಯಾರ್ಥಿನಿ ಲೈಂಗಿಕ ವೃತ್ತಿಯ ಮಹಿಳೆಯರ ರಕ್ತ ಸಂಗ್ರಹಿಸಿ, ಮನೆಯ ಫ್ರಿಜ್‌ನಲ್ಲೇ ಇಟ್ಟು, ವೆಲ್ಲೂರಿಗೆ ಒಯ್ದು ಪರೀಕ್ಷೆ ಮಾಡಿಸಿದರು. ಅಷ್ಟು ಕಡಿಮೆ ಸೌಕರ್ಯದಲ್ಲಿ ಮಾಡಿದ ಆ ಕೆಲಸಕ್ಕೆ ದೇಶ ಋಣಿಯಾಗಿರಬೇಕು. ಆದರೆ ಜನ ಅದರಿಂದ ಹಿಡಿದುಕೊಂಡದ್ದು ಬೇರೆಯೇ. ಇದು "ಅಂಥವರ" ಕಾಯಿಲೆ, ತಪ್ಪು ಮಾಡಿದವರಿಗೆ ಬರುವ ಶಿಕ್ಷೆ ಎಂಬ ಮಾತು ಅಂಟಿಕೊಂಡಿತು.

1992ರಲ್ಲಿ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ಶುರುವಾಯಿತು. ಬಸ್‌ಸ್ಟ್ಯಾಂಡ್, ಆಸ್ಪತ್ರೆಯ ಗೋಡೆಗಳ ಮೇಲೆ ಎಚ್ಚರಿಕೆ ಬಂತು. ನನಗೆ ಈಗಲೂ ನೆನಪಿರುವುದು ಕೆಂಪು ಬಣ್ಣದ ತಲೆಬುರುಡೆ, ಕೆಳಗೆ ಏಡ್ಸ್‌ಗೆ ಔಷಧಿ ಇಲ್ಲ ಎಂಬ ಸಾಲು. ಆಗ ಅದು ಸುಳ್ಳೇನಲ್ಲ. ಮೂರು ಔಷಧಿ ಸೇರಿಸಿ ಕೊಡುವ ಚಿಕಿತ್ಸೆ ಗಟ್ಟಿಯಾದದ್ದೇ 1996ರಲ್ಲಿ, ಅದೂ ಹೊರದೇಶದಲ್ಲಿ. ನಮ್ಮ ಸರ್ಕಾರ ಉಚಿತವಾಗಿ ಕೊಡಲು ಶುರು ಮಾಡಿದ್ದು 2004ರ ಏಪ್ರಿಲ್‌ನಲ್ಲಿ. ಅಲ್ಲಿಯವರೆಗೆ ಜನ ಕಂಡಿದ್ದು ಸಾವನ್ನೇ. ಮಳೆಗೆ ಆ ಗೋಡೆ ಬರಹ ಅಳಿಸಿ ಎಷ್ಟೋ ವರ್ಷವಾಯಿತು. ಮನಸ್ಸಿನಿಂದ ಅಳಿಸಲು ಯಾರೂ ಅಷ್ಟು ಕಷ್ಟಪಡಲಿಲ್ಲ ಎಂಬುದೇ ನನ್ನ ಬೇಸರ.

ಈಗ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲೇ ಎಚ್‌ಐವಿ ಔಷಧಿ ಕೊಡುವ ಎಆರ್‌ಟಿ ಕೇಂದ್ರವಿದೆ. ಮಾತ್ರೆ ಸರಿಯಾಗಿ ನುಂಗುವವರು ಎಲ್ಲರಂತೆ ದುಡಿದು ಬದುಕುತ್ತಾರೆ. ಅವರ ರಕ್ತದಲ್ಲಿ ವೈರಸ್ ಪತ್ತೆಯಾಗದಷ್ಟು ಕಡಿಮೆಯಾದರೆ ಲೈಂಗಿಕ ಸಂಪರ್ಕದಿಂದ ಇನ್ನೊಬ್ಬರಿಗೆ ದಾಟುವುದೇ ಇಲ್ಲ. ಯುರೋಪಿನಲ್ಲಿ 888 ಜೋಡಿಗಳನ್ನು ಗಮನಿಸಿದ ಅಧ್ಯಯನ 2016ರಲ್ಲಿ ಬಂತು. ಕಾಂಡೋಮ್ ಇಲ್ಲದೆ ಸುಮಾರು 58,000 ಸಲ ಸೇರಿದ್ದರೂ, ಚಿಕಿತ್ಸೆಯಲ್ಲಿದ್ದ ಸಂಗಾತಿಯಿಂದ ಒಬ್ಬರಿಗೂ ಸೋಂಕು ತಗುಲಿರಲಿಲ್ಲ.

ಹುಡುಗನ ಲೆಕ್ಕಕ್ಕೆ ಬರೋಣ. ಸೋಂಕಿದ್ದೂ ಚಿಕಿತ್ಸೆ ಇಲ್ಲದ ಹೆಣ್ಣಿನ ಜೊತೆ ಕಾಂಡೋಮ್ ಇಲ್ಲದೆ ಒಂದು ಸಲ ಸೇರಿದರೆ ಗಂಡಿಗೆ ಸೋಂಕು ತಗುಲುವ ಸಾಧ್ಯತೆ ಸರಾಸರಿ 10,000ಕ್ಕೆ 4. ಗಾಯ, ಬೇರೆ ಗುಪ್ತರೋಗ ಇದ್ದರೆ ಹೆಚ್ಚುತ್ತದೆ. ಇವನು ಕಾಂಡೋಮ್ ಹಾಕಿದ್ದ. ಆಕೆಗೆ ಸೋಂಕಿತ್ತು ಎಂಬುದಕ್ಕೂ ಆಧಾರವಿಲ್ಲ. ದೇಶದಲ್ಲಿ ವಯಸ್ಕರಲ್ಲಿ ಸೋಂಕಿರುವವರು ಸುಮಾರು ಶೇ 0.2. ಮುತ್ತು, ಅಪ್ಪುಗೆ, ಕೈ ಮುಟ್ಟಿದ್ದು, ಇವು ಯಾವುದರಿಂದಲೂ ಬರುವುದಿಲ್ಲ. ಹಾಗೆಂದು ಪರೀಕ್ಷೆ ಬೇಡ ಎಂದಲ್ಲ. ನಿಜವಾದ ಅಪಾಯ ಆಗಿದ್ದರೆ 72 ಗಂಟೆಯೊಳಗೆ ವೈದ್ಯರನ್ನು ಕಾಣಬೇಕು. 28 ದಿನ ನುಂಗುವ ತಡೆ ಮಾತ್ರೆ ಇದೆ.

ಜ್ವರ, ಗಂಟಲು ನೋವು, ತೂಕ ನೋಡಿಕೊಂಡು ಎಚ್‌ಐವಿ ಹೇಳಲು ಆಗುವುದಿಲ್ಲ. ರಕ್ತವೇ ಹೇಳಬೇಕು. ಸೋಂಕು ತಗುಲಿದ ಕೂಡಲೇ ಅದು ಪರೀಕ್ಷೆಯಲ್ಲಿ ಕಾಣುವುದಿಲ್ಲ. ಹಿಂದೆ ಆರು ತಿಂಗಳು ಕಾಯಿರಿ ಎನ್ನುತ್ತಿದ್ದರು. ಈಗ ಲ್ಯಾಬಿನ ಸುಧಾರಿತ, ನಾಲ್ಕನೇ ತಲೆಮಾರಿನ ಪರೀಕ್ಷೆಗೆ 45 ದಿನ, ಬೆರಳಿಗೆ ಚುಚ್ಚಿ ನೋಡುವ ಪರೀಕ್ಷೆಗೆ 90 ದಿನ ಸಾಕು. ಇವನು ಅಷ್ಟು ದಿನ ತಡೆಯಲಿಲ್ಲ. ಖಾಸಗಿ ಲ್ಯಾಬ್‌ಗಳಿಗೆ ಹೋಗಿ, ಬೇರೆ ಬೇರೆ ಹೆಸರು ಕೊಟ್ಟು ಏಳು ಸಲ ಮಾಡಿಸಿದ. ಏಳೂ ನೆಗೆಟಿವ್. ಪ್ರತಿ ಸಲ ಎರಡು ದಿನ ಸಮಾಧಾನ, ಮೂರನೇ ದಿನ ಮತ್ತೆ ತೂಕದ ಯಂತ್ರ.

ಕೊನೆಗೆ ಸರ್ಕಾರಿ ಆಪ್ತ ಸಮಾಲೋಚನಾ ಕೇಂದ್ರಕ್ಕೆ ಹೋಗಲು ಒಪ್ಪಿದ. ಅಲ್ಲಿ ದುಡ್ಡು ಕೊಡಬೇಕಿಲ್ಲ. 2017ರ ಎಚ್‌ಐವಿ ಕಾಯ್ದೆ ಪ್ರಕಾರ ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶ ಬೇರೆಯವರಿಗೆ ಹೇಳುವಂತಿಲ್ಲ. ಊರಲ್ಲಿ ಯಾರಾದರೂ ನೋಡಿಬಿಟ್ಟರೆ ಎಂಬ ಹೆದರಿಕೆ ಇದ್ದವರು ಏಡ್ಸ್ ಸಹಾಯವಾಣಿ 1097ಕ್ಕೆ ಫೋನ್ ಮಾಡಬಹುದು, ಅದೂ ಉಚಿತ.

ಆಗ 90 ದಿನ ದಾಟಿತ್ತು. ಎಂಟನೆಯದೂ ನೆಗೆಟಿವ್. ಸಮಾಲೋಚಕಿ ಚೀಟಿ ಕೊಟ್ಟು, ಆಮೇಲೆ ಎಚ್‌ಐವಿ ವಿಷಯವನ್ನೇ ಬಿಟ್ಟರು. ಆ ರಾತ್ರಿಯ ಬಗ್ಗೆ ಯಾರಿಗೆ ಗೊತ್ತಾದರೆ ಜಾಸ್ತಿ ಭಯ ಎಂದು ಕೇಳಿದರು. "ಅಮ್ಮಂಗೆ" ಎಂದ, ಅಲ್ಲೇ ಅತ್ತುಬಿಟ್ಟ. ಅರ್ಧ ಗಂಟೆ ಅವರು ಸುಮ್ನೆ ಕೇಳುತ್ತಾ ಕೂತರಂತೆ. ಒಂಬತ್ತನೇ ಪರೀಕ್ಷೆ ಬೇಡ ಎಂದು ಖಡಾಖಂಡಿತ ಹೇಳಿ, ಮನೋವೈದ್ಯರ ಕೊಠಡಿಯ ದಾರಿ ತೋರಿಸಿದರು.

ಹದಿನೈದು ದಿನಕ್ಕೊಮ್ಮೆ ಈಗ ಅಲ್ಲಿಗೆ ಹೋಗುತ್ತಿದ್ದಾನೆ. ಮೊನ್ನೆ ಮಂಡಿಗೆ ಹೋದಾಗ ಯಂತ್ರದ ಮೇಲೆ ರಾಶಿ ಅಡಿಕೆಯ ಚೀಲವಿತ್ತು. ತೂಕ ಬರೆದುಕೊಂಡು ನನಗೆ ಟೀ ತರಿಸಿದ.