ಸ್ವಾತಿ ನಕ್ಷತ್ರದ ಮೂರು ಕಪ್ಪು ಗೆರೆ

ನಾವು ಹೊಸಕೋಟೆಯಲ್ಲಿ ಕೂತು ಲಡಾಖಿನ ಹಾನ್ಲೆಯಲ್ಲಿರುವ ಟೆಲಿಸ್ಕೋಪ್ ನಡೆಸುತ್ತೇವೆ. ಅಲ್ಲಿ 4,500 ಮೀಟರ್ ಎತ್ತರ, ಕೊರೆಯುವ ಚಳಿ. ಇಲ್ಲಿ ಫ್ಲಾಸ್ಕಿನಲ್ಲಿ ಕಾಫಿ. ನೋಡಲು ಬಂದವರಿಗೆ ನಿರಾಸೆ ಗ್ಯಾರಂಟಿ. ಕಂಪ್ಯೂಟರಿನಲ್ಲಿ ಕಾಣುವುದು ಬರೀ ಅಂಕುಡೊಂಕು ಗೆರೆ. ನಕ್ಷತ್ರದ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿದ ರೋಹಿತ ಅದು.

ಸ್ವಾತಿ ನಕ್ಷತ್ರವನ್ನೇ ತೆಗೆದುಕೊಳ್ಳಿ. ಮೇ ತಿಂಗಳ ರಾತ್ರಿ ನಮ್ಮ ನೆತ್ತಿಯ ಹತ್ತಿರ ಕಿತ್ತಳೆ ಬಣ್ಣದಲ್ಲಿ ಹೊಳೆಯುತ್ತದಲ್ವಾ, ಅದೇ. ಅದರ ರೋಹಿತದ ಹಸಿರಿನಲ್ಲಿ, 517 ನ್ಯಾನೋಮೀಟರ್ ಆಸುಪಾಸು, ಮೂರು ದಪ್ಪ ಕಪ್ಪು ಗೆರೆಗಳಿವೆ. ನಕ್ಷತ್ರದ ಮೇಲ್ಪದರದ ಮೆಗ್ನೀಸಿಯಂ ಆ ಬಣ್ಣದ ಬೆಳಕನ್ನು ನುಂಗಿದ ಗುರುತು ಅವು; ನಮ್ಮ ಅಂಕುಡೊಂಕು ಗೆರೆಯಲ್ಲಿ ತಗ್ಗುಗಳಾಗಿ ಕಾಣುತ್ತವೆ. ಸುತ್ತಮುತ್ತ ಕಬ್ಬಿಣದ ಗೆರೆಗಳು ನೂರಾರು. ಗೆರೆಗಳನ್ನು ಅಳೆದು, ನಕ್ಷತ್ರದ ಬಿಸಿಯನ್ನೂ ಲೆಕ್ಕಕ್ಕೆ ಹಿಡಿದರೆ ಯಾವ ಧಾತು ಎಷ್ಟಿದೆ ಅಂತ ಗೊತ್ತಾಗುತ್ತದೆ. ಸ್ವಾತಿಯಲ್ಲಿ ಕಬ್ಬಿಣದ ಪ್ರಮಾಣ ಸೂರ್ಯನ ಮೂರನೇ ಒಂದು ಭಾಗದಷ್ಟು. ಮೆಗ್ನೀಸಿಯಂ ಮಾತ್ರ ಮುಕ್ಕಾಲಿನ ಹತ್ತಿರ.

ಯಾಕೆ ಹೀಗೆ?

ಮಹಾಸ್ಫೋಟದಲ್ಲಿ ಹುಟ್ಟಿದ್ದು ಹೈಡ್ರೋಜನ್, ಹೀಲಿಯಂ, ಚೂರು ಲಿಥಿಯಂ. ಮಿಕ್ಕದ್ದು ಹೆಚ್ಚುಕಡಿಮೆ ನಕ್ಷತ್ರಗಳ ಕೆಲಸ. ಆ ಮಿಕ್ಕದ್ದನ್ನೆಲ್ಲ ನಾವು 'ಲೋಹ' ಎನ್ನುತ್ತೇವೆ, ಆಕ್ಸಿಜನ್ನನ್ನೂ ಸೇರಿಸಿ. ಕೆಮಿಸ್ಟ್ರಿ ಮೇಷ್ಟ್ರುಗಳು ಕ್ಷಮಿಸಬೇಕು. ಆಕ್ಸಿಜನ್, ಮೆಗ್ನೀಸಿಯಂ ಬರುವುದು ಭಾರಿ ನಕ್ಷತ್ರಗಳಿಂದ. ಅವಕ್ಕೆ ಆಯಸ್ಸು ಕಡಿಮೆ. ಕೆಲವು ದಶಲಕ್ಷ ವರ್ಷ ಉರಿದು, ಸಿಡಿದು, ಒಳಗಿದ್ದದ್ದನ್ನೆಲ್ಲ ಸುತ್ತಲಿನ ಅನಿಲಕ್ಕೆ ಚೆಲ್ಲಿಬಿಡುತ್ತವೆ. ಕಬ್ಬಿಣ ಸ್ವಲ್ಪ ಅವುಗಳಿಂದಲೂ ಬರುತ್ತದೆ. ಆದರೆ ಅದರ ದೊಡ್ಡ ಪಾಲು ಶ್ವೇತಕುಬ್ಜಗಳ, ಅಂದರೆ ಸೂರ್ಯನಂಥ ನಕ್ಷತ್ರ ಉರಿದು ಮುಗಿದ ಮೇಲೆ ಉಳಿಯುವ ತಿರುಳುಗಳ, ಸ್ಫೋಟದ್ದು. ಶ್ವೇತಕುಬ್ಜ ಆಗುವುದಕ್ಕೇ ಟೈಮ್ ಬೇಕು. ಆಮೇಲೆ ಜೊತೆಗಾರ ನಕ್ಷತ್ರದ ಕಾಟದಿಂದ ಸಿಡಿಯಬೇಕು. ಎಷ್ಟೋ ಸಲ ನೂರು ಕೋಟಿ ವರ್ಷವೂ ಹಿಡಿಯುತ್ತದೆ. ಅಂದರೆ ಗೆಲಾಕ್ಸಿಯ ಅನಿಲಕ್ಕೆ ಮೆಗ್ನೀಸಿಯಂ ಬೇಗ ಬಂತು, ಕಬ್ಬಿಣ ತಡವಾಗಿ ಬಂತು. ಸ್ವಾತಿ ಹುಟ್ಟಿದ್ದು ಆ ಕಬ್ಬಿಣ ಪೂರ್ತಿ ಬೆರೆಯುವ ಮುಂಚೆ, ಸುಮಾರು 700 ಕೋಟಿ ವರ್ಷದ ಹಿಂದೆ.

ಬೆರೆಯುವುದೂ ಎಲ್ಲ ಕಡೆ ಒಂದೇ ಸಮ ಅಲ್ಲ. ನಮ್ಮ ಆಕಾಶಗಂಗೆಯಲ್ಲಿ ಒಳಗಡೆ ಲೋಹ ಜಾಸ್ತಿ, ಅಂಚಿಗೆ ಹೋದಂತೆ ಕಡಿಮೆ. ಪುಟ್ಟ ಗೆಲಾಕ್ಸಿಗಳ ಪಾಡಂತೂ ಕೇಳಬೇಡಿ. ಗುರುತ್ವ ಸಾಲದೆ, ಸ್ಫೋಟದ ಹೊಡೆತಕ್ಕೆ ಅನಿಲವೇ ಹೊರಗೆ ಹಾರಿಹೋಗುತ್ತದೆ.

ಆದರೂ ನನಗೆ ಈ ಪುಟ್ಟವೇ ಇಷ್ಟ. ಸುಮಾರು ಒಂದು ಲಕ್ಷ ಜ್ಯೋತಿರ್ವರ್ಷ ದೂರದಲ್ಲಿ ರೆಟಿಕ್ಯುಲಮ್ 2 ಅಂತ ಒಂದಿದೆ. 2016ರಲ್ಲಿ ಅದರ ಒಂಬತ್ತು ನಕ್ಷತ್ರಗಳ ರೋಹಿತ ಪ್ರಕಟವಾಯಿತು. ಏಳರಲ್ಲಿ ಯುರೋಪಿಯಂನಂಥ ಭಾರದ ಧಾತುಗಳು ವಿಪರೀತ. ಆವರೆಗೆ ನೋಡಿದ್ದ ಅಂಥ ಬೇರೆ ಪುಟ್ಟ ಗೆಲಾಕ್ಸಿಗಳಲ್ಲಿ ಹೀಗಿರಲಿಲ್ಲ. ಮಾಮೂಲಿ ಸೂಪರ್‌ನೋವಾಗಳೇ (ನಕ್ಷತ್ರ ಸ್ಫೋಟಗಳೇ) ಇದನ್ನು ಮಾಡಿದ್ದರೆ ಎಲ್ಲ ಕಡೆಯೂ ಇರಬೇಕಿತ್ತು. ಆದ್ದರಿಂದ ಇದು ಅಪರೂಪದ ಒಂದೇ ಒಂದು ಘಟನೆ, ಬಹುಶಃ ಎರಡು ನ್ಯೂಟ್ರಾನ್ ನಕ್ಷತ್ರಗಳ (ಭಾರಿ ನಕ್ಷತ್ರ ಸಿಡಿದ ಮೇಲೆ ಉಳಿಯುವ ಅತಿ ಸಾಂದ್ರ ತಿರುಳುಗಳ) ಡಿಕ್ಕಿ. ಅಂಥ ಡಿಕ್ಕಿಯಲ್ಲಿ ಭಾರದ ಧಾತು ಹುಟ್ಟುವುದಕ್ಕೆ 2017ರ ಆಗಸ್ಟ್ 17ರಂದು ನೇರ ಸಾಕ್ಷಿಯೂ ಸಿಕ್ಕಿತು.

ಉಳಿದ ಎರಡು ನಕ್ಷತ್ರಗಳಲ್ಲಿ ಆ ಧಾತುಗಳ ಸುಳಿವೇ ಇಲ್ಲ. ಒಂಬತ್ತರಲ್ಲಿ ಕಬ್ಬಿಣ ಅತಿ ಕಡಿಮೆ ಇರುವುದೂ ಅವೆರಡರಲ್ಲೇ. ಡಿಕ್ಕಿ ಆಗುವ ಮುಂಚೆಯೇ ಅವು ಹುಟ್ಟಿಬಿಟ್ಟಿದ್ದವು ಅನಿಸುತ್ತದೆ.